ಅಣ್ಣ ಊರಲ್ಲಿಲ್ಲದಾಗ ಆದ ಮದುವೆ

ಮನೆಯಿಂದ ಒಬ್ಬ ಮಿಲಿಟರಿಗೆ ಹೋದ ಅಂತಾದರೆ ಮತ್ತೆ ಆ ಮನೆಯಲ್ಲಿ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ ಮಾರಾಯ್ರೆ. ಅಳಲಿಕ್ಕೆ ಅಂತ ಕೂತರೆ ನಗು ಬರುತ್ತದೆ. ನಗಲಿಕ್ಕೆ ಅಂತ ಬಾಯಿ ತೆರೆದರೆ ಅಮ್ಮ ಕಣ್ಣು ಕೆಂಪು ಮಾಡುತ್ತಾಳೆ.

ನಮ್ಮದು ಕಾಪುವಿನ ಕಡಲ ಬದಿಯ ಮನೆ. ಅಪ್ಪ ರಂಪಣಿ ಬಲೆ ಎಳೆಯುವ ತಂಡದಲ್ಲಿದ್ದರು. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ. ಅಣ್ಣ ಒಬ್ಬ ಇದ್ದ, ದೋಣಿ ಹತ್ತಿದರೆ ವಾಂತಿ ಮಾಡುವವನು. ಸಮುದ್ರಕ್ಕೆ ಹೋದರೆ ಜೀವಕ್ಕೆ ಅಪಾಯ ಅಂತ ಹೇಳಿ ಮಿಲಿಟರಿಗೆ ಸೇರಿದ. ಆಮೇಲೆ ಎಪ್ಪತ್ತೊಂದರ ಯುದ್ಧ ಬಂತು. ನಮ್ಮ ಮನೆಯವರ ಬುದ್ಧಿ ಇಷ್ಟು.

ಇಲ್ಲಿ ಬರುವ ಮಾತೆಲ್ಲ ನಿಜವಾಗಿ ಆಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಬೈಗುಳಕ್ಕೆಲ್ಲ ಮರ್ಯಾದೆ ಬಂದುಬಿಡುತ್ತದೆ. ಖಾರ ನೀವೇ ಸೇರಿಸಿಕೊಳ್ಳಬೇಕು.

ಸತ್ತ ಇಲಿ

ಯುದ್ಧಕ್ಕೆ ಮೊದಲಿನ ಮಾತು ಇದು. ಅಣ್ಣ ಪಂಜಾಬಿನಲ್ಲಿದ್ದ. ಉದ್ಯಾವರದ ಒಬ್ಬ ಮಿಲಿಟರಿ ಜವಾನ ರಜೆ ಮುಗಿಸಿ ಹೊರಟಿದ್ದಾನೆ ಅಂತ ಗೊತ್ತಾಗಿ ಅಮ್ಮ ಒಂದು ಗಂಟು ಒಣಮೀನು ಹಿಡಿದುಕೊಂಡು ಅವನ ಮನೆಗೆ ಹೋದಳು. ನಾನೂ ಹಿಂದೆ ಹೋಗಿದ್ದೆ.

“ಅಕ್ಕ, ನಾನಿರುವುದು ಅಸ್ಸಾಮಿನಲ್ಲಿ. ನಿಮ್ಮ ಮಗ ಇರುವುದು ಪಂಜಾಬಿನಲ್ಲಿ. ಅದು ಆ ತುದಿ, ಇದು ಈ ತುದಿ” ಅಂದ ಅವನು.

“ಇಬ್ಬರೂ ಮಿಲಿಟರಿಯೇ ಅಲ್ವಾ? ಸಂಜೆ ಹೊತ್ತಿಗೆ ಸಿಗುವುದಿಲ್ಲವಾ?” ಅಂತ ಅಮ್ಮ ಗಂಟನ್ನು ಅವನ ಟ್ರಂಕಿನ ಮೇಲೆ ಇಟ್ಟೇ ಬಂದಳು.

ಪಾಪದ ಹುಡುಗ. ಆ ಗಂಟನ್ನು ಅಸ್ಸಾಮಿಗೆ ಕೊಂಡುಹೋಗಿ ಅಲ್ಲಿಂದ ಅಂಚೆಯಲ್ಲಿ ಪಂಜಾಬಿಗೆ ಕಳಿಸಿದ. ಮೀನು ಇಡೀ ಭಾರತ ನೋಡಿ ಅಣ್ಣನ ಕೈಗೆ ಬಂತು. ಅಣ್ಣ ಬರೆದ: “ಅಮ್ಮ, ನಿನ್ನ ಗಂಟು ಬಂತು. ಅದು ಬಂದ ಮೇಲೆ ನಮ್ಮ ಬ್ಯಾರಕ್ಕಿನಲ್ಲಿ ಇಲಿ ಸತ್ತಿದೆ ಅಂತ ಹವಾಲ್ದಾರರು ಎಲ್ಲರನ್ನೂ ಹುಡುಕಲಿಕ್ಕೆ ಹಾಕಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲ್ಲರೂ ಹುಡುಕಿದರು. ಗಂಟು ನನ್ನ ಬೆನ್ನ ಚೀಲದಲ್ಲೇ ಇತ್ತು. ನಾನೂ ಅವರ ಜೊತೆ ಸೇರಿ ಹುಡುಕಿದೆ. ಮೀನು ಚೆನ್ನಾಗಿತ್ತು.”

ನಾನು ಓದಿ ಹೇಳಿದೆ. ನಗುತ್ತಾಳೆ ಅಂತ ನೋಡಿದರೆ ಅಮ್ಮನ ಮುಖ ಸಣ್ಣದಾಯಿತು.

“ಅಲ್ಲಿ ಇಲಿ ಬೇರೆ ಉಂಟಾ? ಹಾಗಾದರೆ ಮುಂದಿನ ಸಲ ಡಬ್ಬಿಯಲ್ಲಿ ಹಾಕಿ ಕಳಿಸಬೇಕು” ಅಂದಳು.

ಚಾ ಕೇಳುವುದಾ ಬೇಡವಾ

ಯುದ್ಧ ಮುಗಿಯಿತು, ನಾವು ಗೆದ್ದೆವು ಅಂತ ರೇಡಿಯೋದಲ್ಲಿ ಹೇಳಿದ ದಿನ ಅಂಗಡಿಯವನು ಬೆಲ್ಲ ಹಂಚಿದ. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಮನೆಗೆ ತಂತಿ ಬಂತು. ತಂತಿ ಅಂದರೆ ಇಂಗ್ಲಿಷು, ಇಂಗ್ಲಿಷು ಅಂದರೆ ಶಾಲೆಯ ಮಾಸ್ಟ್ರು. ಅವರು ಓದಿ ಕನ್ನಡಕ ತೆಗೆದರು.

“ಕಾಣೆಯಾಗಿದ್ದಾನೆ ಅಂತ ಉಂಟು.”

“ಕಾಣೆ ಅಂದರೆ ಎಂತ ಮಾಸ್ಟ್ರೆ?” ಅಮ್ಮ ಕೇಳಿದಳು.

“ಹುಡುಕಿದರು, ಸಿಗಲಿಲ್ಲ ಅಂತ.”

“ಹುಡುಕಿದವರು ಯಾರು? ಅದೇ ಬ್ಯಾರಕ್ಕಿನವರಾ? ಒಂದು ಗಂಟು ಮೀನು ಹುಡುಕಲಿಕ್ಕೆ ಆಗಲಿಲ್ಲ ಅವರಿಗೆ! ಸರಿಯಾಗಿ ಹುಡುಕಲಿಕ್ಕೆ ಹೇಳಿ” ಅಂತ ಅಮ್ಮ ಮಾಸ್ಟ್ರ ಮೇಲೆಯೇ ಹಾರಿದಳು. ಮಾಸ್ಟ್ರು ತಲೆ ತಗ್ಗಿಸಿ, “ಮಿಲಿಟರಿಯವರಿಗೆ ಕಾಗದ ಬರೆಯುವ” ಅಂದರು.

ಮರುದಿನದಿಂದ ಜನ ಬರಲಿಕ್ಕೆ ಶುರು. ಬಂದವರಿಗೆಲ್ಲ ದೊಡ್ಡ ಸಂಕಟ. ಸತ್ತ ಮನೆಗೆ ಹೇಗೆ ಹೋಗಬೇಕು ಅಂತ ಎಲ್ಲರಿಗೂ ಗೊತ್ತುಂಟು. ಹೇಳಿ ಬರುವ ಕ್ರಮ ಇಲ್ಲ, ಹೇಳಿ ಹೊರಡುವ ಕ್ರಮ ಇಲ್ಲ, ನೀರು ಸಹ ಕೇಳುವುದಿಲ್ಲ. ಕಾಣೆಯಾದವನ ಮನೆಗೆ ಹೇಗೆ ಹೋಗಬೇಕು ಅಂತ ಯಾರಿಗೆ ಗೊತ್ತು? ಬಂದರು, ಕೂತರು, ಒಬ್ಬರ ಮುಖ ಒಬ್ಬರು ನೋಡಿದರು.

ಹೂಡೆಯಿಂದ ಅಪ್ಪನ ದೊಡ್ಡಮ್ಮ ಬಂದದ್ದು ಮಧ್ಯಾಹ್ನ. ಬಸ್ಸಿನಿಂದ ಇಳಿದು ಸುಡುಬಿಸಿಲಲ್ಲಿ ನಡೆದು ಬಂದಿದ್ದರು. ಗೇಟಿನ ಹತ್ತಿರ ನಿಂತು ಎದೆಗೆ ಹೊಡೆದುಕೊಂಡು, “ಅಯ್ಯೋ ಮಗನೇ, ಹೋದೆಯಾ!” ಅಂತ ರಾಗ ತೆಗೆದರು.

“ನಿಲ್ಲಿಸಿ! ಅವನು ಸತ್ತಿಲ್ಲ” ಅಂತ ಅಮ್ಮ ಒಳಗಿನಿಂದ ಕಿರುಚಿದಳು.

ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಿದರು. ಕಣ್ಣು ಒರೆಸಿಕೊಂಡು ಜಗಲಿಗೆ ಬಂದು ನನ್ನ ಪಕ್ಕ ಕೂತರು. ನನ್ನ ಕಿವಿಗೆ ಬಾಯಿಟ್ಟು ಕೇಳಿದರು:

“ಹಾಗಾದರೆ ಚಾ ಉಂಟಾ?”

ಹೆಣ್ಣು ನೋಡುವ ಶಾಸ್ತ್ರ

ತಿಂಗಳು ತಿಂಗಳು ಕಳೆಯಿತು. ಮಾಸ್ಟ್ರು ಬರೆದ ಕಾಗದಗಳಿಗೆ ಬಂದ ಉತ್ತರದಲ್ಲೆಲ್ಲ ಅದೇ ಒಂದು ಮಾತು, ಕಾಣೆ. ಅಪ್ಪನಿಗೆ ಜ್ವರ ಬಿಡಲಿಲ್ಲ. ಕೋಳಿ ಸತ್ತವು. ಅಮ್ಮ ಊಟಕ್ಕೆ ಕೂತರೆ ಎದ್ದು ಹೋಗಿ ಗೇಟು ನೋಡಿ ಬರುತ್ತಿದ್ದಳು. ನಮ್ಮ ಸೋದರಮಾವ ಕವಡೆ ಹಾಕಿ ಪ್ರಶ್ನೆ ನೋಡುವವನ ಹತ್ತಿರ ಹೋಗಿ ಕೇಳಿದರು. ಹುಡುಗ ಈ ಲೋಕದಲ್ಲಿಲ್ಲ, ಒಂಟಿಯಾಗಿ ಅಲೆಯುತ್ತಿದ್ದಾನೆ, ಮದುವೆ ಕೇಳುತ್ತಿದ್ದಾನೆ ಅಂತ ಬಂತು.

ನಮ್ಮ ಕಡೆ ಈ ಕ್ರಮ ಉಂಟು. ಮದುವೆಯಾಗದೆ ತೀರಿಹೋದವರಿಗೆ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಜೀವವನ್ನು ಹುಡುಕಿ, ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಮದುವೆ ಮಾಡುತ್ತಾರೆ. ಹೆಣ್ಣು ನೋಡುವುದು, ಧಾರೆ, ಊಟ, ಎಲ್ಲ ಉಂಟು. ಗಂಡು ಹೆಣ್ಣು ಮಾತ್ರ ಇರುವುದಿಲ್ಲ.

ಅಮ್ಮ ಒಪ್ಪಲಿಲ್ಲ. ಮಾವ ಹೇಳಿ ಹೇಳಿ ಸೋತರು. ಒಂದು ದಿನ ಅವಳೇ ಹೇಳಿದಳು: “ಮಾಡಿ. ಸತ್ತಿದ್ದರೆ ಅಲ್ಲಿ ಅವನು ಒಬ್ಬನೇ ಇರುವುದು ಬೇಡ. ನಾವು ಯಾರೂ ಹತ್ತಿರ ಇಲ್ಲ, ಒಂದು ಹುಡುಗಿಯಾದರೂ ಇರಲಿ. ಬದುಕಿದ್ದರೆ ಅವನೇ ಬಂದು ನನಗೆ ಬೈಯಲಿ. ಬೈಯಲಿಕ್ಕಾದರೂ ಬರಲಿ.” ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಮೀನಿಗೆ ಹೋದಳು. ನಾನು ಆ ದಿನ ಒಂದು ಬೀಡಿ ಸಹ ಕಟ್ಟಲಿಲ್ಲ.

ಸಂಬಂಧ ಸಿಕ್ಕಿದ್ದು ಕಾರ್ಕಳದಿಂದ ಆಚೆ, ಬಜಗೋಳಿಯಲ್ಲಿ. ಹುಡುಗಿ ಜ್ವರದಲ್ಲಿ ತೀರಿಹೋದವಳು. ತಂದೆ ಇಲ್ಲ. ತಾಯಿ ಮತ್ತು ತಾಯಿಯ ತಮ್ಮ ಇದ್ದರು. ನಾವು ಹೋಗಿ ಕೂತೆವು. ಅವಲಕ್ಕಿ, ಬಾಳೆಹಣ್ಣು ತಂದಿಟ್ಟರು.

“ಹುಡುಗಿಯ ಸ್ವಭಾವ ಹೇಗೆ?” ಮಾವ ಶಾಸ್ತ್ರಕ್ಕೆ ಕೇಳಿದರು.

“ಬಹಳ ಪಾಪ. ಇದ್ದಾಳೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ” ಅಂದ ಹುಡುಗಿಯ ಮಾವ. ಆಮೇಲೆ ನಾಲಿಗೆ ಕಚ್ಚಿಕೊಂಡ.

“ನಮ್ಮವನೂ ಈಗ ಹಾಗೆಯೇ” ಅಂದರು ನಮ್ಮ ಮಾವ.

“ಹುಡುಗನಿಗೆ ಎಂತ ಕೆಲಸ?”

“ಮಿಲಿಟರಿ.”

ಅಲ್ಲಿಯವರೆಗೆ ಬಾಗಿಲ ಮರೆಯಲ್ಲಿದ್ದ ತಾಯಿ ಹೊರಗೆ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಮಿಲಿಟರಿಯವನಿಗೆ ಕೊಟ್ಟರೆ ನನ್ನ ಮಗಳನ್ನು ದೂರ ಕರೆದುಕೊಂಡು ಹೋಗುತ್ತಾನಲ್ಲ!” ಅಂದರು.

ನಮ್ಮ ಮಾವ ಕೈಯಲ್ಲಿದ್ದ ಬಾಳೆಹಣ್ಣು ಕೆಳಗಿಟ್ಟು ಸಮಾಧಾನ ಹೇಳಿದರು:

“ಇಲ್ಲ ಅಕ್ಕ. ಅವನಿಗೆ ಇನ್ನು ಟ್ರಾನ್ಸ್‌ಫರ್ ಇಲ್ಲ.”

ಗಂಡಿನ ಶರ್ಟು

ಮದುವೆಯ ದಿನ ಬಜಗೋಳಿಯಲ್ಲಿ ಎಂಥಾ ಮಳೆ! ಎರಡು ಮಣೆ ಹಾಕಿದ್ದರು. ಒಂದರಲ್ಲಿ ರೇಷ್ಮೆ ಸೀರೆ, ಕುಪ್ಪಸ, ಬಳೆ, ಮಲ್ಲಿಗೆ. ಇನ್ನೊಂದರಲ್ಲಿ ಮಾವ ನಮ್ಮ ಚೀಲದಿಂದ ಅಣ್ಣನ ಪಂಚೆ, ಶರ್ಟು ತೆಗೆದು ಇಟ್ಟರು.

ಹುಡುಗಿಯ ಮಾವ ಬಗ್ಗಿ ನೋಡಿದ. “ಇದೆಂತ ಮಾರಾಯ್ರೆ? ಗಂಡಿನ ಶರ್ಟಿನ ಕಂಕುಳು ಹರಿದಿದೆ! ನಮ್ಮ ಹುಡುಗಿ ರೇಷ್ಮೆಯಲ್ಲಿ ಕೂತಿದ್ದಾಳೆ. ನೀವು ಹೀಗೆ ಅವಮಾನ ಮಾಡುವುದಾ?”

ನಮ್ಮ ಮಾವ ಅಮ್ಮನ ಕಡೆ ತಿರುಗಿದರು. “ಒಳ್ಳೆಯ ಶರ್ಟು ಒಂದು ಇತ್ತಲ್ಲ?”

“ಅದು ಮನೆಯಲ್ಲಿ ಉಂಟು. ಕೊಡಲಿಕ್ಕಿಲ್ಲ” ಅಂದಳು ಅಮ್ಮ. “ಅವನು ಬಂದರೆ ಹಾಕಲಿಕ್ಕೆ ಬೇಕು.”

ಮದುವೆಯ ಶಾಸ್ತ್ರ ಅಲ್ಲಿಗೇ ನಿಂತಿತು. ಮಗ ಸತ್ತಿದ್ದಾನೆ ಅಂತ ಮದುವೆ ಮಾಡಿಸಲಿಕ್ಕೆ ಬಂದವಳು, ಮಗ ಬರುತ್ತಾನೆ ಅಂತ ಶರ್ಟು ಇಟ್ಟು ಬಂದಿದ್ದಳು. ಇನ್ನು ಜಗಳವೇ ಅಂತ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಅಂತ ನೋಡಿಕೊಂಡೆ. ಆಗ ಹುಡುಗಿಯ ತಾಯಿ ಒಳಗಿನಿಂದ ಸೂಜಿ ದಾರ ತಂದು, ಮಣೆಯ ಮುಂದೆ ಕೂತು, ಕಂಕುಳು ಹೊಲಿಯಲಿಕ್ಕೆ ಶುರು ಮಾಡಿದರು. ಅವರಿಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವರೂ ಮಗಳ ಚಪ್ಪಲಿಯನ್ನು ಬಾಗಿಲಲ್ಲಿ ಇಟ್ಟುಕೊಂಡೇ ಇದ್ದವರು. ಎಲ್ಲರೂ ಕಾದರು. ದಾರ ಕಚ್ಚಿ ತುಂಡು ಮಾಡಿ ಅವರು ಹೇಳಿದರು:

“ಮದುವೆಯ ದಿನವೇ ಅತ್ತೆಯ ಕೈಯಲ್ಲಿ ಕೆಲಸ ಮಾಡಿಸಿದ. ಇವನು ಸಾಮಾನ್ಯದ ಅಳಿಯ ಅಲ್ಲ.”

ಬಿಡಿಸುವ ಕ್ರಮ

ಆಟಿ ಮುಗಿದು ಮಳೆ ಕಡಿಮೆಯಾಗುವಾಗ ಒಂದು ಕಾರ್ಡು ಬಂತು. ಅಣ್ಣನದ್ದೇ ಕೈಬರಹ. ಪೆಟ್ಟು ಬಿದ್ದು ಗಡಿಯಾಚೆಯ ಆಸ್ಪತ್ರೆಯಲ್ಲಿದ್ದೆ, ಈಗ ಸೆರೆ ಸಿಕ್ಕವರ ಶಿಬಿರದಲ್ಲಿದ್ದೇನೆ, ಆರಾಮ, ಬಿಡುತ್ತಾರಂತೆ, ಅಂತ ನಾಲ್ಕು ಸಾಲು.

ಅಮ್ಮ ಕೂಗಲಿಲ್ಲ, ಬೀಳಲಿಲ್ಲ. ಒಳಗೆ ಹೋಗಿ ಆ ಶರ್ಟು ತಂದು ಒಗೆದು ಒಣಗಲಿಕ್ಕೆ ಹಾಕಿದಳು. ಅದರ ಕೆಳಗೆ ಕೂತು ಅತ್ತಳು, ಅತ್ತಳು, ನೋಡಲಿಕ್ಕೆ ಆಗಲಿಲ್ಲ ನನಗೆ. ಅಪ್ಪ ಜ್ವರ ಇದ್ದ ಹಾಗೆಯೇ ಎದ್ದು ಸಮುದ್ರಕ್ಕೆ ಹೋದರು.

ಪೇಚಾಟ ಬಂದದ್ದು ಮಾವನಿಗೆ. ಪ್ರಶ್ನೆ ನೋಡಿದವನ ಹತ್ತಿರ ಓಡಿದರು. “ನೀವು ಕಟ್ಟಿಸಿದ ಮದುವೆ ಈಗ ಬಿಡಿಸಿ ಕೊಡಿ” ಅಂದರು.

“ಕಟ್ಟಿಸುವ ಕ್ರಮ ಗೊತ್ತುಂಟು. ಬಿಡಿಸುವ ಕ್ರಮ ನನ್ನ ಅಜ್ಜನಿಗೂ ಗೊತ್ತಿರಲಿಲ್ಲ” ಅಂದ ಅವನು. “ಇಷ್ಟರವರೆಗೆ ಯಾರ ಗಂಡು ಸಹ ವಾಪಸು ಬಂದದ್ದಿಲ್ಲ.”

ಮತ್ತೆಂತ ಮಾಡುವುದು? ಬಾಯಿಮಾತಿನಲ್ಲಾದರೂ ಮುಗಿಸಿ ಬರುವ ಅಂತ ಮಾವ ಬಜಗೋಳಿಗೆ ಹೋದರು. ಸುದ್ದಿ ಕೇಳಿ ಹುಡುಗಿಯ ತಾಯಿ ದೇವರಿಗೆ ಕೈ ಮುಗಿದರಂತೆ. ಆಮೇಲೆ ಮೆಟ್ಟಿಲ ಮೇಲೆ ಕೂತು, “ಒಳ್ಳೆಯದಾಯಿತು. ನನ್ನ ಮಗಳು ಮತ್ತೆ ಒಬ್ಬಳೇ ಆದಳು” ಅಂದರಂತೆ.

ಸಂಬಂಧ ಕಡಿದು ಬರುತ್ತೇನೆ ಅಂತ ಹೋದವರು ಸಂಜೆ ಕಾಪುವಿನಲ್ಲಿ ಬಸ್ಸಿನಿಂದ ಇಳಿಯುವಾಗ ಕಂಕುಳಲ್ಲಿ ಒಂದು ಜೀವದ ಹುಂಜ ಇತ್ತು. “ಅಳಿಯ ಬಂದಾಗ ಮಾಡಿ ಹಾಕಬೇಕಂತೆ” ಅಂದರು, ನಮ್ಮ ಮುಖ ನೋಡದೆ.

ಅಣ್ಣನಿಗೆ ಸುದ್ದಿ ಹೇಳಿದ್ದು

ಅಣ್ಣ ಬಂದ. ಎಲುಬು, ಚರ್ಮ, ಕಣ್ಣು, ಅಷ್ಟೇ ಇತ್ತು. ಒಳ್ಳೆಯ ಶರ್ಟು ಮೈಯಲ್ಲಿ ನೇತಾಡುತ್ತಿತ್ತು. ಮಾತಿಲ್ಲ. ಹುಂಜದ ಸಾರು ಬಡಿಸಿದರೆ ತಿಂದ. ಗೋಡೆ ನೋಡುತ್ತಾ ಕೂತ. ದಿನ ಕಳೆದರೂ ಹಾಗೆಯೇ. ಮಗ ವಾಪಸು ಬಂದನಾ, ಅವನ ಬಟ್ಟೆ ಮಾತ್ರ ಬಂತಾ ಅಂತ ಅಮ್ಮ ನನ್ನ ಹತ್ತಿರ ಕೇಳಿದಳು.

ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಅವಳು ಧೈರ್ಯ ಮಾಡಿದಳು.

“ನಿನಗೆ ಮದುವೆ ಆಗಿದೆ.”

ಅಣ್ಣ ತುತ್ತು ನಿಲ್ಲಿಸಿದ. “ಯಾರಿಗೆ?”

“ನಿನಗೆ. ಆಟಿಯಲ್ಲಿ.”

“ಯಾರ ಜೊತೆ?”

“ಒಳ್ಳೆಯ ಮನೆ. ಬಜಗೋಳಿಯವರು.”

ಅಣ್ಣ ಅಡುಗೆ ಕೋಣೆಯ ಕಡೆ ನೋಡಿದ. “ಎಲ್ಲಿದ್ದಾಳೆ?”

ಅಮ್ಮ ನನ್ನನ್ನು ನೋಡಿದಳು, ನಾನು ಅಪ್ಪನನ್ನು ನೋಡಿದೆ. ಅಪ್ಪ ಸಾರಿನ ಪಾತ್ರೆ ನೋಡುತ್ತಾ, “ತೀರಿಹೋಗಿದ್ದಾಳೆ” ಅಂದರು.

“ಅಯ್ಯೋ! ಯಾವಾಗ?”

“ಮದುವೆಗಿಂತ ಮೊದಲು” ಅಂದಳು ಅಮ್ಮ.

ಅಣ್ಣನಿಗೆ ಅರ್ಥ ಆಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗಲಿಕ್ಕೆ ಶುರು ಮಾಡಿದ. ಅನ್ನ ನೆತ್ತಿಗೆ ಹತ್ತಿತು. ಬೆನ್ನಿಗೆ ಗುದ್ದಿದೆವು. ನಕ್ಕ, ಕೆಮ್ಮಿದ, ಮತ್ತೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಬಂದ ಮೇಲೆ ಅವನು ಅತ್ತದ್ದು ಅದೇ ಮೊದಲು. ಅಮ್ಮ ಎಂಜಲು ಕೈಯಲ್ಲೇ ಅವನ ತಲೆ ಸವರುತ್ತಾ ಇದ್ದಳು.

ಅತ್ತು ಮುಗಿಸಿ ಮೂಗು ಒರೆಸಿಕೊಂಡು ಅವನು ಕೇಳಿದ ಪ್ರಶ್ನೆ ಒಂದೇ:

“ನನ್ನ ಮದುವೆಯ ಊಟಕ್ಕೆ ಎಂತೆಲ್ಲ ಇತ್ತು?”

ಮೊದಲ ಹೆಂಡತಿಯ ಒಪ್ಪಿಗೆ

ಅಣ್ಣ ವಾಪಸು ಡ್ಯೂಟಿಗೆ ಹೋದ. ಆಮೇಲೆ ಅವನಿಗೆ ಎರಡು ಕಡೆಯಿಂದ ಪಾರ್ಸೆಲ್. ಕಾಪುವಿನಿಂದ ಒಣಮೀನು, ಬಜಗೋಳಿಯಿಂದ ಹಲಸಿನ ಹಪ್ಪಳ. ಪ್ರತಿ ರಜೆಯಲ್ಲೂ ಬಜಗೋಳಿಯ ಅತ್ತೆಯ ಮನೆಗೆ ಹೋಗಿ ಉಂಡು ಬರುತ್ತಿದ್ದ. ಅತ್ತೆ ಎರಡು ಎಲೆ ಹಾಕುತ್ತಿದ್ದರು, ಒಂದು ಅವನಿಗೆ, ಪಕ್ಕದ್ದು ಮಗಳಿಗೆ. ಅವನಿಗೆ ನಾಚಿಕೆ. ತನ್ನ ಎಲೆ ನೋಡಿ ಉಂಡು ಏಳುತ್ತಿದ್ದ, ಪಕ್ಕಕ್ಕೆ ಕಣ್ಣು ಹಾಯಿಸುತ್ತಿರಲಿಲ್ಲ.

ವರ್ಷಗಳು ಕಳೆದವು, ಅವನಿಗೆ ಹೆಣ್ಣು ಸಿಗಲಿಲ್ಲ. ಮಿಲಿಟರಿಯವನು ಅಂತ ಅಲ್ಲ. “ಮೊದಲ ಹೆಂಡತಿ ಇದ್ದಾಳಲ್ಲ” ಅನ್ನುತ್ತಿದ್ದರು. ಜೀವ ಇರುವ ಸವತಿಯಾದರೆ ಜಗಳ ಮಾಡಿ ಗೆಲ್ಲಬಹುದು, ತೀರಿಹೋದವಳ ಹತ್ತಿರ ಯಾರಿಗೆ ಆಗುತ್ತದೆ? ಅಮ್ಮ ಕೊರಗಿ ಕೊರಗಿ ಹಾಸಿಗೆ ಹಿಡಿಯುವ ಹಾಗಾದಳು. “ನಾನೇ ಅವನನ್ನು ಸತ್ತವಳ ಪಕ್ಕ ಕೂರಿಸಿದ್ದು. ಜೀವ ಇರುವವಳ ಪಕ್ಕ ಒಮ್ಮೆ ಕೂರಿಸದೆ ನಾನು ಹೋಗುವುದು ಹೇಗೆ?” ಅನ್ನುತ್ತಿದ್ದಳು.

ಕೊನೆಗೆ ಉದ್ಯಾವರದ ಒಂದು ಮನೆಯವರು ಒಪ್ಪಿದರು. ಹುಡುಗಿಯ ತಂದೆ ಒಂದೇ ಮಾತು ಹೇಳಿದರು: “ಮೊದಲಿನವಳ ಒಪ್ಪಿಗೆ ಬೇಕು. ಅವಳಿಗೆ ಎಲೆ ಹಾಕಿ ಬಡಿಸಿ, ಕಾಗೆ ಮುಟ್ಟಿದರೆ ಮದುವೆ. ಮುಟ್ಟದಿದ್ದರೆ ಇಲ್ಲ.” ಅಣ್ಣನ ರಜೆ ಮುಗಿಯಲಿಕ್ಕೆ ಬಂದಿತ್ತು. ಆ ದಿನ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರವರೆಗೆ ಉದ್ಯಾವರದವರು ಕಾಯುತ್ತಾರಾ?

ಬಜಗೋಳಿಯ ಅಂಗಳದಲ್ಲಿ ಮಧ್ಯಾಹ್ನ ಎಲೆ ಹಾಕಿದರು. ಅತ್ತೆ ತಾವೇ ಅಡುಗೆ ಮಾಡಿದ್ದರು, ಮಗಳಿಗೆ ಇಷ್ಟ ಅಂತ ಬಂಗುಡೆ ಸಾರು, ನೀರುದೋಸೆ. ಕಾಗೆ ಬಂತು. ಹಲಸಿನ ಮರದಲ್ಲಿ ಕೂತಿತು. ಕೆಳಗೆ ಇಳಿಯಲಿಲ್ಲ.

“ಮಗಳೇ, ಮನೆಗೆ ಯಾವ ಸೀರೆ ಬಂದರೂ ಮೊದಲು ನಿನಗೆ ಇಡುತ್ತೇನೆ” ಅಂತ ಅಮ್ಮ ಬೇಡಿದಳು. ಕಾಗೆ ಕೊಕ್ಕು ಉಜ್ಜಿಕೊಂಡಿತು. “ಹುಟ್ಟುವ ಹೆಣ್ಣುಮಗುವಿಗೆ ನಿನ್ನ ಹೆಸರು” ಅಂದರು ಮಾವ. ಕಾಗೆ ಬೆನ್ನು ತಿರುಗಿಸಿತು. ಅಪ್ಪನಿಗೆ ಸಿಟ್ಟು ಬಂತು. “ನಮ್ಮ ಕಾಪುವಿನ ಕಾಗೆಯಾದರೆ ಬಂಗುಡೆ ಕಂಡು ಬಿಡುತ್ತಿತ್ತಾ? ಘಟ್ಟದ ಬುಡದ ಕಾಗೆ ಇದು, ಇದಕ್ಕೆ ಮೀನಿನ ರುಚಿ ಎಂತ ಗೊತ್ತು!” ಅಂದರು. ಉದ್ಯಾವರದ ತಂದೆ ಕೊಡೆ ಕೈಗೆ ತೆಗೆದುಕೊಂಡರು. ಅಮ್ಮ ನನ್ನ ಭುಜ ಹಿಡಿದದ್ದು ಉಗುರು ಊರುವ ಹಾಗೆ.

ಆಗ ಅತ್ತೆ ಅಣ್ಣನಿಗೆ ಹೇಳಿದರು: “ಎಲ್ಲರೂ ಮಾತಾಡಿದರು. ಗಂಡ ಒಬ್ಬ ಮಾತಾಡಲಿಲ್ಲ.”

ಅಣ್ಣ ಎದ್ದ. ಎಲೆಯ ಮುಂದೆ ಪೆರೇಡಿಗೆ ನಿಂತ ಹಾಗೆ ನಿಂತ. ಹೆಂಡತಿಯ ಹತ್ತಿರ ಎಂತ ಮಾತಾಡುವುದು ಅಂತ ಅವನಿಗೆ ಯಾರು ಕಲಿಸಿದ್ದಾರೆ? ಬ್ಯಾರಕ್ಕಿನಲ್ಲಿ ಬೇರೆಯವರು ಹೆಂಡತಿಗೆ ಬರೆಯುವುದನ್ನು ನೋಡಿದ್ದ, ಅಷ್ಟೇ. ಹಾಗಾಗಿ ತುಳು ಬಿಟ್ಟು ಕಾಗದದ ಕನ್ನಡದಲ್ಲಿ ಶುರು ಮಾಡಿದ: “ನಾನು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವಾಗಿರುವೆ ಎಂದು ನಂಬಿದ್ದೇನೆ.”

ನನಗೆ ನಗು ಬಂತು, ಬಾಯಿಗೆ ಸೆರಗು ತುರುಕಿದೆ. ಅವನು ಮತ್ತೆ ತುಳುವಿಗೆ ಬಂದ. “ನಾನು ಆ ಶಿಬಿರದಲ್ಲಿದ್ದಾಗ ಬದುಕಿದ್ದೇನೆ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಗ ನನ್ನ ಜೊತೆಗಿರಲಿ ಅಂತ ಮನೆಯವರು ಕಳಿಸಿದ್ದು ನಿನ್ನನ್ನು. ಬಂದ ಮೇಲೆ ನಿನ್ನ ಪಕ್ಕದಲ್ಲೇ ಕೂತು ಉಂಡೆ, ಒಂದು ಮಾತು ಆಡಲಿಲ್ಲ. ನನಗೆ ಮಾತು ಬರುವುದಿಲ್ಲ. ಬೇಸರ ಮಾಡಬೇಡ.”

ನನ್ನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕಾಗೆ ಸೀದಾ ಇಳಿದು ಬಂದು, ಅಣ್ಣನ ಕಾಲಿನ ಹತ್ತಿರವೇ, ಬಂಗುಡೆಯ ತುಂಡು ಕಚ್ಚಿಕೊಂಡು ಹೋಯಿತು. ಅಮ್ಮ ನನ್ನ ಭುಜ ಬಿಟ್ಟು ಕಾಗೆ ಹೋದ ಕಡೆಗೆ ಕೈ ಮುಗಿದಳು. ಉದ್ಯಾವರದ ತಂದೆ ಕೊಡೆ ಕೆಳಗಿಟ್ಟರು. ಎಲ್ಲರೂ ದೇವರೇ, ದೇವರೇ ಅನ್ನುತ್ತಿದ್ದರೆ ಬಜಗೋಳಿಯ ಅತ್ತೆ ಮಾತ್ರ ಆ ಎಲೆಯ ಮುಂದೆ ಕೂತು, ಕಣ್ಣಿನಿಂದ ನೀರು ಸುರಿಯುತ್ತಿದ್ದ ಹಾಗೆಯೇ ಮಗಳಿಗೆ ಬೈಯಲಿಕ್ಕೆ ಶುರು ಮಾಡಿದರು:

“ಇಷ್ಟು ವರ್ಷ ಮಾತಾಡಿಸದ ಗಂಡ ನಾಲ್ಕು ಮಾತು ಆಡಿದ ಕೂಡಲೇ ಒಪ್ಪಿಬಿಟ್ಟೆಯಲ್ಲ ಮಂಕೇ! ಒಂದು ವರ್ಷವಾದರೂ ಕಾಯಿಸಬಾರದಿತ್ತಾ ಅವನನ್ನು?”